‘ಇತರೆ ಧಾನ್ಯಗಳು’ ಎಂಬ ಎರಡು ಪದಗಳ ಬಗ್ಗೆ

ಮಾನ್ಯ ಆಹಾರ ಸುರಕ್ಷತಾ ಅಧಿಕಾರಿಗಳೇ,

ನಿಮ್ಮ ಇಲಾಖೆ ಒಪ್ಪಿಗೆ ಕೊಟ್ಟ ಎರಡು ಪದಗಳು ನನ್ನ ತಂಗಿಯನ್ನು ಕೊಂದಿವೆ. ಬಹುಧಾನ್ಯ ಬ್ರೆಡ್ಡಿನ ಪೊಟ್ಟಣದ ಹಿಂಬದಿಯಲ್ಲಿ ಗೋಧಿ, ಓಟ್ಸ್, ಬಾರ್ಲಿ, ಜೋಳ ಎಂದು ಹೆಸರಿಸಿ, ಕೊನೆಗೆ ‘ಇತರೆ ಧಾನ್ಯಗಳು’ ಎಂದು ಅಚ್ಚು ಹಾಕಿದರೆ ನಿಮಗೆ ಸಾಕು. ಆ ‘ಇತರೆ’ಯೊಳಗೆ ಎಳ್ಳಿನ ಪುಡಿಯಿತ್ತು.

ತಂಗಿ ಬಟ್ಟೆ ಹೊಲಿಯುತ್ತಿದ್ದಳು. ಎಳ್ಳು ಚಿಕ್ಕಂದಿನಿಂದಲೂ ಅವಳ ಮೈಗೆ ಆಗದು. ಹಾಗಾಗಿ ಅಂಗಡಿಯಲ್ಲಿ ಕನ್ನಡಕ ಏರಿಸಿ, ಓದದೆ ಯಾವ ಪೊಟ್ಟಣವನ್ನೂ ಕೊಳ್ಳುತ್ತಿರಲಿಲ್ಲ. “ಬ್ರೆಡ್ ತಗೊಳ್ಳೋಕೆ ಬಂದ್ರೋ, ಪರೀಕ್ಷೆಗೆ ಓದೋಕೆ ಬಂದ್ರೋ?” ಎಂದು ಅಂಗಡಿಯವರು ನಗುತ್ತಿದ್ದರು. ಸಕ್ಕರೆ ಕಾಯಿಲೆ ಶುರುವಾಗಿದೆಯೆಂದು ವೈದ್ಯರು ಬಿಳಿ ಬ್ರೆಡ್ ಬಿಡಿಸಿದ ಮೇಲೆ ಈ ಬಹುಧಾನ್ಯದ ಪೊಟ್ಟಣವನ್ನು ಎರಡು ಸಲ ಓದಿದಳು. “ಎಳ್ಳು ಧಾನ್ಯ ಅಲ್ವಲ್ಲ, ಬಿಡು” ಎಂದು ಚೀಲಕ್ಕೆ ಹಾಕಿಕೊಂಡಳು.

ಮರುದಿನ ಬೆಳಗ್ಗೆ ಹೊಲಿಗೆ ಯಂತ್ರದ ಮುಂದೆ ಕೂತೇ ತಿಂದಳು. “ಪರವಾಗಿಲ್ಲ ಕಣೇ ಅಕ್ಕಾ, ಒಣಹುಲ್ಲು ತಿಂದಂಗಿರತ್ತೆ ಅಂದ್ಕೊಂಡಿದ್ದೆ.” ನಾನು ಟೀ ಸೋಸಿ ತಿರುಗುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಂಡಿದ್ದಳು. ಮುಖ ಊದಿತ್ತು. “ಅಕ್ಕಾ... ಎಳ್ಳು” ಎಂದಳು. ಅಲರ್ಜಿಗೆಂದೇ ಮನೆಯಲ್ಲಿಟ್ಟಿದ್ದ ಚುಚ್ಚುಮದ್ದು ಕೊಟ್ಟೆ, ಆಂಬುಲೆನ್ಸೂ ಬಂತು. ದಾರಿಯಲ್ಲೇ ಹೋದಳು.

ದೂರು ಹಿಡಿದು ನಿಮ್ಮ ಕಚೇರಿಗೆ ಬಂದಾಗ ಕುರ್ಚಿ ತೋರಿಸಿದಿರಿ, ನೀರು ತರಿಸಿದಿರಿ. ನಿಮ್ಮ ಸೌಜನ್ಯಕ್ಕೆ ಕೊರತೆಯಿರಲಿಲ್ಲ.

“ನೋಡಿ ಅಮ್ಮಾ, ಸ್ವಲ್ಪ ಪ್ರಮಾಣದಲ್ಲಿ ಹಾಕಿದ್ದಕ್ಕೆಲ್ಲ ಹೆಸರು ಬರೀಬೇಕಂತ ನಿಯಮ ಇಲ್ಲ. ಕಂಪನಿಯವ್ರು ನಿಯಮ ಮೀರಿಲ್ಲ.”

“ಎಳ್ಳು ಧಾನ್ಯ ಹೇಗಾಗತ್ತೆ ಸಾರ್? ಅದು ಎಣ್ಣೆಕಾಳು.”

“ಅದು ಚರ್ಚೆ ಆಗ್ಬೇಕಾದ ವಿಷಯ” ಎಂದಿರಿ.

ಚರ್ಚೆ ಮಾಡಿ ಸ್ವಾಮಿ, ಸಾವಕಾಶವಾಗಿಯೇ ಮಾಡಿ. ಅಲ್ಲಿಯವರೆಗೆ ಅದೇ ಬ್ರೆಡ್ಡು ಅದೇ ಪೊಟ್ಟಣದಲ್ಲಿ ನಮ್ಮ ಬೀದಿಯಲ್ಲೇ ಮಾರಾಟವಾಗುತ್ತಿದೆ, ಅದೂ ಆರೋಗ್ಯದ ಹೆಸರಿನಲ್ಲಿ. ಮುಂಬದಿಯಲ್ಲಿ ಹೊಂಬಣ್ಣದ ತೆನೆಯ ಚಿತ್ರಕ್ಕೆ ಅಷ್ಟು ಜಾಗ ಸಿಕ್ಕಿತು, ‘ಎಳ್ಳು’ ಎಂಬ ಎರಡಕ್ಷರಕ್ಕೆ ಸಿಗಲಿಲ್ಲವೇ? ನಿಯಮ ಮುರಿದು ಕೊಂದರೆ ಅಪರಾಧ ಎನ್ನುತ್ತೀರಿ. ಪಾಲಿಸಿ ಕೊಂದರೆ ಅದನ್ನು ಏನೆಂದು ಕರೆಯುತ್ತೀರಿ?

ನನಗೆ ಪರಿಹಾರ ಬೇಡ. ಆ ಪೊಟ್ಟಣಗಳನ್ನು ಇಂದೇ ಅಂಗಡಿಗಳಿಂದ ತೆಗೆಸಿ. ಹಿಟ್ಟಿಗೆ ಬೀಳುವ ಪ್ರತಿಯೊಂದು ಕಾಳಿನ ಹೆಸರನ್ನೂ ಬರೆಯುವುದು ಕಡ್ಡಾಯ ಮಾಡಿ. ಓದುವ ತಾಳ್ಮೆ ಇರುವವರಾದರೂ ಬದುಕಿಕೊಳ್ಳಲಿ.

ಇಂತಿ,
ತಂಗಿಯ ಗಿರಾಕಿಗಳಿಗೆ ಅರ್ಧ ಹೊಲಿದ ಬಟ್ಟೆಗಳನ್ನು ಹಿಂದಿರುಗಿಸುತ್ತಿರುವ ಅಕ್ಕ