ಲಾಡಿಯ ಗಂಟು

ಗುರುವಾರ, ಮಧ್ಯಾಹ್ನ

ಅಮ್ಮಾ,

ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಬಾಯಿ ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರ ನೀನು ಬಂದು ಅಜ್ಜಿಯನ್ನು ವೃದ್ಧಾಶ್ರಮಕ್ಕೆ ಬಿಡುವ ಮೊದಲು ಇದನ್ನು ಓದಬೇಕು. ನಾಳೆ ನಿನ್ನ ಅಳಿಯನ ಕೈಲಿ ಕಳಿಸುತ್ತೇನೆ. ಇದರಲ್ಲಿರುವುದು ಅವರಿಗೂ ಗೊತ್ತಿಲ್ಲ.

ಮರಿಯ ಹಣೆಯ ಊತ ಇಳಿದಿದೆ. ಡಾಕ್ಟರು ಏನೂ ಆಗಿಲ್ಲ ಅಂದರು. ನನಗೆ ನಂಬಿಕೆಯಿಲ್ಲ. ಗಂಟೆಗೆ ನಾಲ್ಕು ಸಲ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿ ನೋಡಿ, ಮಲಗಿದ ಮಗುವನ್ನು ಎಬ್ಬಿಸಿಬಿಡುತ್ತೇನೆ. ಆಮೇಲೆ ಇಬ್ಬರೂ ಅಳುತ್ತೇವೆ.

ಅಜ್ಜಿ ಲಂಗದ ಲಾಡಿಯ ಒಂದು ತುದಿ ಮಗುವಿನ ಕಾಲಿಗೆ, ಇನ್ನೊಂದು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡು ಮಲಗುತ್ತಾಳೆ ಎಂದು ನಿನಗೆ ಚಾಡಿ ಹೇಳಿದವಳು ನಾನೇ. ಅರಳುಮರುಳು ಅಂದೆ ನೀನು. ಸೋಮವಾರ ನಾನೇ ಕತ್ತರಿ ತಂದು ಕತ್ತರಿಸಿದೆ. "ಇದೇನು ಕರುವಾ, ಗೂಟಕ್ಕೆ ಕಟ್ಟೋಕೆ?" ಅಂದೆ. "ಓದಿದವಳು, ನಿನಗೆ ಗೊತ್ತಿರುತ್ತೆ ಬಿಡಮ್ಮ" ಎಂದು ಅಜ್ಜಿ ತುಂಡುಗಳನ್ನು ಆಯ್ದುಕೊಂಡು ಹೋದಳು.

ಮಂಗಳವಾರ ಸಂಜೆ, ಮಗು ಮಂಚದಿಂದ ಬಿದ್ದ ಮೇಲೆ, ಬಟಾಣಿ ಬಿಡಿಸುತ್ತಾ ಅಜ್ಜಿ ಹೇಳಿದಳು. ಯುದ್ಧದ ವರ್ಷ ಬಾಂಬಿಗೆ ಹೆದರಿ ಮಕ್ಕಳನ್ನಷ್ಟೇ ತುಂಬಿ ಕಳಿಸಿದ ಹಡಗಿನಲ್ಲಿ ಅವಳು ಬಂದದ್ದು ಒಬ್ಬಳೇ ಅಲ್ಲವಂತೆ ಅಮ್ಮ. ನಿನಗೊಬ್ಬ ಸೋದರಮಾವ ಇದ್ದ. ಅಜ್ಜಿಗೆ ಏಳು, ಅವನಿಗೆ ನಾಲ್ಕು. ಅವರಮ್ಮ ತನ್ನ ಲಂಗದ ಲಾಡಿ ಎಳೆದು ಇಬ್ಬರ ಕೈಗೂ ಕಟ್ಟಿ, ಏನೇ ಆದರೂ ಬಿಚ್ಚಬೇಡ ಅಂದಿದ್ದಳಂತೆ. ಬಂದರಿನಲ್ಲಿ ಬಿಸ್ಕತ್ತಿಗೆ ಸಾಲು ನಿಂತಿತ್ತು. ತಮ್ಮ ನಡೆಯಲಾರೆ ಎಂದು ಕೂತುಬಿಟ್ಟ. ಅಜ್ಜಿ ತನ್ನ ಕಡೆಯ ಗಂಟು ಬಿಚ್ಚಿ ಕಂಬಿಗೆ ಕಟ್ಟಿ ಓಡಿದಳು. ಎರಡು ಬಿಸ್ಕತ್ತು ಹಿಡಿದು ಬಂದಾಗ ಕಂಬಿಯಲ್ಲಿ ಲಾಡಿ ಇತ್ತು, ಅವನಿರಲಿಲ್ಲ. ಆ ಕಡೆಯ ಮಕ್ಕಳನ್ನೆಲ್ಲ ಬಸ್ಸು ಹತ್ತಿಸಿ ಆಗಿತ್ತು.

ಪಟ್ಟಿ ಬರೆಯುವ ಹೆಂಗಸು, ನೀವು ಎಷ್ಟು ಜನ ಬಂದಿರಿ ಎಂದು ಕೇಳಿದಳು. ಗಂಟು ಬಿಚ್ಚಿದ್ದಕ್ಕೆ ಬೈಯುತ್ತಾರೆಂದು ಹೆದರಿ ಅಜ್ಜಿ, "ಒಬ್ಬಳೇ" ಅಂದಳು. ಹಾಗಾಗಿ ಅವನನ್ನು ಯಾರೂ ಹುಡುಕಲಿಲ್ಲ.

"ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತಲೇ ಎಪ್ಪತ್ತು ವರ್ಷ ಆಯ್ತು ಮಗಳೇ" ಅಂದಳು. ನನ್ನ ಮುಖ ನೋಡಲಿಲ್ಲ. ಯಾಕೆ ನನಗೇ ಹೇಳಿದಳೆಂದು ಆಗಲೇ ತಿಳಿಯಿತು.

ಅಮ್ಮ, ಮಂಗಳವಾರ ಮಗುವಿನ ಪಕ್ಕ ಇದ್ದವಳು ನಾನು. ಮೂರು ದಿನದಿಂದ ನಿದ್ದೆಯಿರಲಿಲ್ಲ, ಕೂತಲ್ಲೇ ಕಣ್ಣು ಹತ್ತಿತು. ಅಜ್ಜಿ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ದೊಪ್ಪೆಂದ ಸದ್ದಿಗೆ ಎದ್ದೆ. ಅಷ್ಟರಲ್ಲೇ ನಿನ್ನ ಫೋನು. ಯಾರೇ ನೋಡಿಕೊಳ್ಳುತ್ತಿದ್ದವರು ಎಂದು ನೀನು ಕೂಗಿದೆ. "ಅಜ್ಜಿ" ಅಂದುಬಿಟ್ಟೆ. ಖಾಲಿ ಬಕೆಟ್ಟು ಹಿಡಿದು ಅವಳು ಬಾಗಿಲಲ್ಲೇ ನಿಂತಿದ್ದಳು. ಬಕೆಟ್ಟು ಕೆಳಗಿಟ್ಟು ಬಂದು ಮಗುವಿನ ಹಣೆಗೆ ಒದ್ದೆ ಬಟ್ಟೆ ಒತ್ತಿದಳು. ನಿನ್ನೆಯಿಂದ ಪೆಟ್ಟಿಗೆ ತುಂಬುತ್ತಿದ್ದಾಳೆ.

ಭಾನುವಾರ ಬಾ. ಬಂದು ನನಗೆ ಬೈ. ಅವಳನ್ನು ಮಾತ್ರ ಕರೆದೊಯ್ಯಬೇಡ.

ನಿನ್ನ ಮಗಳು

ತಾ.ಕ.: ಅಕ್ಷರ ಸೊಟ್ಟಗಿವೆ, ಎಡಗೈಯಲ್ಲಿ ಬರೆದಿದ್ದೇನೆ. ಬಲಗೈ ಅಲ್ಲಾಡಿಸಿದರೆ ಮರಿ ಏಳುತ್ತಾಳೆ. ಗಂಟು ಹಾಕಿದ್ದು ಅಜ್ಜಿ, ಆದರೆ ಹಾಕು ಎಂದು ಕೈ ಚಾಚಿದವಳು ನಾನು.