ಗಂಡ ಹೆಂಡತಿಯ ಸಿಂಥ್-ಪಾಪ್

ಅಕ್ಕಾ,

ನರ್ಸ್ ತರಬೇತಿಗೆಂದು ಇಲ್ಲಿಗೆ ಬಂದು ಎಂಟು ದಿನವಾಯಿತು. ನೆಗಡಿ ಬಿಟ್ಟರೆ ಆರೋಗ್ಯವಾಗಿದ್ದೇನೆ. ಭಾನುವಾರ ಮಧ್ಯಾಹ್ನ ನನ್ನ ರೂಮಿನವಳು ಇಲ್ಲಿನ ಪುಟ್ಟ ಸಭಾಂಗಣಕ್ಕೆ ಸಿಂಥ್-ಪಾಪ್ ಕೇಳಲು ಎಳೆದುಕೊಂಡು ಹೋದಳು. ತಬಲಾ ಇಲ್ಲ, ಗಿಟಾರ್ ಇಲ್ಲ. ಅಷ್ಟೂ ಸದ್ದು ಸಿಂಥಸೈಜರ್ ಎನ್ನುವ ಎರಡು ಎಲೆಕ್ಟ್ರಾನಿಕ್ ಕೀಬೋರ್ಡ್‌ಗಳಿಂದಲೇ. ನುಡಿಸುವವರು ಅರವತ್ತು ದಾಟಿದ ಗಂಡ, ಹಾಡುವವರು ಹೆಂಡತಿ. ಇಬ್ಬರೂ ತೊಟ್ಟಿದ್ದ ಬೆಳ್ಳಿ ಬಣ್ಣದ ಕೋಟು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಮೂರನೇ ಹಾಡಿನಲ್ಲಿ ಗಂಡನ ಬಲಗೈ ನಡುಗತೊಡಗಿತು. ಒಂದು ಸ್ವರ ಒತ್ತಲು ಹೋಗಿ ಎರಡು ಒತ್ತಿದರು. ಆಮೇಲೆ ಕೈ ಹಿಂದಕ್ಕೆಳೆದುಕೊಂಡು ತಲೆ ತಗ್ಗಿಸಿ ನಿಂತುಬಿಟ್ಟರು. ನನ್ನ ನಗುವೆಲ್ಲ ಇಳಿದುಹೋಯಿತು. ಹೆಂಡತಿ ಹಾಡು ನಿಲ್ಲಿಸಲಿಲ್ಲ. ಹಾಡುತ್ತಲೇ ಅವರ ಪಕ್ಕಕ್ಕೆ ಬಂದು ಬಲಗೈ ನುಡಿಸಬೇಕಾದ ಭಾಗವನ್ನು ತಾವು ನುಡಿಸಿದರು, ಎಡಗೈಯದನ್ನು ಅವರಿಗೇ ಬಿಟ್ಟರು. ಜನ ಎದ್ದು ಕುಣಿದರು. ನಾನೂ ಕುಣಿದೆ ಕಣೇ!

ಮುಗಿದ ಮೇಲೆ, ವೈರು ಸುತ್ತುತ್ತಿದ್ದ ಆಕೆಯನ್ನು ಮಾತಾಡಿಸಿದೆ.

"ಕೈ ನಡುಗುತ್ತೆ, ಇನ್ನು ಬರಲ್ಲ ಅಂತ ಕೂತಿದ್ರು ಇವರು. ನಂಗೆ ಒಬ್ಬಳೇ ಹಾಡೋಕೆ ಬೇಜಾರು. ಅದಕ್ಕೆ ಅರ್ಧ ಕೆಲಸ ನಾನೇ ಕಲ್ತೆ" ಅಂದರು.

"ಅರ್ಧ ಎಲ್ಲಿ ಬಂತು? ಕಾಲು!" ಎಂದು ಗಂಡ ಆ ಕಡೆಯಿಂದ ಕೂಗಿದರು.

ಅಪ್ಪನೂ ಕೈ ನಡುಗುತ್ತದೆಂದು ಹೊಲಿಗೆ ಅಂಗಡಿ ಮುಚ್ಚಿ ಕೂತಿದ್ದಾರಲ್ಲ, ಈ ಕಾರ್ಡನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳು. ಅಳತೆ ಅವರು ಹೇಳಲಿ, ಕತ್ತರಿ ನೀನು ಹಿಡಿ. ಬೈದರೆ ಬೈಸಿಕೋ, ಅಂಗಡಿ ಬಾಗಿಲು ಮಾತ್ರ ನಾಳೆಯೇ ತೆಗೆ.

ಬರೆಯಲು ಇನ್ನು ಜಾಗವಿಲ್ಲ.

ನಿನ್ನ ತಂಗಿ