ಟೈಲರಮ್ಮನ ಗೋಡೆಯ ಮೇಲಿದ್ದ ಬೀಗದ ಕೈಗಳು

ಮಾನ್ಯ ಭದ್ರತಾ ಅಧಿಕಾರಿಗಳೇ,

ನಮ್ಮಕ್ಕ ಬಚ್ಚಲುಮನೆಯಲ್ಲಿ ಬಿದ್ದು ನರಳುತ್ತಿದ್ದಾಗ ನೆರೆಯವರೆಲ್ಲ ಅವಳ ಬಾಗಿಲ ಹೊರಗೇ ನಿಂತಿದ್ದರು. ಒಬ್ಬರಿಗೂ ಒಳಗೆ ಹೋಗಲಾಗಲಿಲ್ಲ. ತಮ್ಮ ವ್ಯವಸ್ಥೆ ಅಷ್ಟು ಭದ್ರವಾಗಿದೆ. ಮೊದಲು ಅದಕ್ಕೊಂದು ಅಭಿನಂದನೆ.

ತಾವು ಈ ವಸತಿ ಸಮುಚ್ಚಯಕ್ಕೆ ಬರುವ ಮೊದಲು, ನೆಲಮಹಡಿಯ ಟೈಲರಮ್ಮನ ಅಂಗಡಿಯ ಗೋಡೆಯಲ್ಲಿ, ದಾರದ ಉಂಡೆಗಳ ಪಕ್ಕ, ಸಾಲಾಗಿ ಮೊಳೆಗಳಿದ್ದವು. ಪ್ರತಿ ಮನೆಯ ಇನ್ನೊಂದು ಬೀಗದ ಕೈ ಅಲ್ಲಿ ತೂಗುತ್ತಿತ್ತು. ಗುರುತಿಗೆ ನಂಬರಿಲ್ಲ, ಆಯಾ ಮನೆಯವರು ಹೊಲಿಸಿದ ಬಟ್ಟೆಯ ಚೂರನ್ನೇ ಗಂಟು ಹಾಕಿರುತ್ತಿದ್ದರು. ಅಕ್ಕನದು ಹಸಿರು ರವಿಕೆಯ ಚೂರು. ನಿವೃತ್ತ ಮೇಷ್ಟ್ರದು ಪಟ್ಟೆಪಟ್ಟೆ ಚಡ್ಡಿಯದು. ಅದನ್ನು ನೋಡಿ ನಗದವರಿಲ್ಲ, ಮೇಷ್ಟ್ರೂ ಸೇರಿ. ಒಲೆ ಆರಿಸಿದೆನೋ ಇಲ್ಲವೋ ಎಂದು ದಾರಿಯಲ್ಲಿ ಅನುಮಾನ ಬಂದರೆ ಟೈಲರಮ್ಮನಿಗೆ ಫೋನ್ ಮಾಡಿದರೆ ಮುಗಿಯಿತು. ಬೆಳಿಗ್ಗೆ ಯಾರ ಕಿಟಕಿ ತೆರೆಯಲಿಲ್ಲವೋ ಅವರ ಮನೆಗೆ ಒಮ್ಮೆ ಹೋಗಿ ಬರುತ್ತಿದ್ದರು. ಇದಕ್ಕೆ 'ಸಮುದಾಯ' ಎಂಬ ದೊಡ್ಡ ಹೆಸರಿದೆಯೆಂದು ನಮಗೆ ಗೊತ್ತಾದದ್ದು, ತಾವು ಆ ಹೆಸರಿನ ಸಭಾಂಗಣ ಕಟ್ಟಿಸಿ ಅದಕ್ಕೂ ಬೀಗ ಹಾಕಿದ ಮೇಲೆ.

'ಅನಧಿಕೃತ ವ್ಯಕ್ತಿಯ ಬಳಿ ಕೀಲಿಗಳು' ಎಂದು ನೋಟೀಸು ಅಂಟಿಸಿದಿರಿ. ಬಾಗಿಲೆಳೆದರೆ ತಾನಾಗಿ ಬೀಳುವ ಬೀಗಗಳು ಬಂದವು. ಎರಡನೆಯ ಕೀಲಿ ತಮ್ಮ ಕಚೇರಿಯ ಕಪಾಟು ಸೇರಿತು. ಅದುವರೆಗೆ ಒಂದಾದರೂ ಕಳ್ಳತನವಾಗಿತ್ತೇ? ನಾವೂ ಕೇಳಲಿಲ್ಲ. ಹೊಸ ಬಾಗಿಲು ಹೊಳೆಯುತ್ತಿತ್ತು, ಸುಮ್ಮನೆ ಸಹಿ ಹಾಕಿದೆವು.

ಆ ದಿನ ಅಕ್ಕನ ಕಿಟಕಿ ತೆರೆಯದ್ದನ್ನು ಕಂಡು ಟೈಲರಮ್ಮ ಮೇಲೆ ಹತ್ತಿದರು. ನರಳಾಟ ಕೇಳಿ ಕಚೇರಿಗೆ ಫೋನ್ ಮಾಡಿದರೆ, ನೀವು ಸಂಬಂಧಿಕರೇ ಎಂದು ತಮ್ಮ ಸಿಬ್ಬಂದಿ ಕೇಳಿದರಂತೆ. ಅಲ್ಲ, ಕೆಳಗಿನ ಮನೆಯವಳು ಎಂದಾಗ, ಸಂಬಂಧಿಕರೇ ಖುದ್ದಾಗಿ ಬರಬೇಕು ಎಂದು ಫೋನ್ ಇಟ್ಟರಂತೆ. ಒಡೆಯೋಣವೆಂದರೆ, ಒಡೆದವರ ಮೇಲೆ ಪೊಲೀಸ್ ದೂರು ಎಂಬ ತಮ್ಮ ಎಚ್ಚರಿಕೆ ಬಾಗಿಲ ಮೇಲೆಯೇ ಇತ್ತು. ಸುದ್ದಿ ತಿಳಿದು, ಕೆಲಸದ ಜಾಗದಿಂದ ಎರಡು ಬಸ್ಸು ಬದಲಿಸಿ ನಾನು ಬರುವಷ್ಟರಲ್ಲಿ ಅಕ್ಕನ ಎಡಭಾಗದ ಸ್ವಾಧೀನ ತಪ್ಪಿತ್ತು. ಇನ್ನೂ ಬೇಗ ತರಬೇಕಿತ್ತು ಎಂದರು ಡಾಕ್ಟರು.

ಸೋಮವಾರ ಅಕ್ಕ ಮನೆಗೆ ಬರುತ್ತಾಳೆ. ನಾನು ಕೆಲಸದಿಂದ ಬರುವವರೆಗೆ ಒಬ್ಬಳೇ ಇರಬೇಕು. ನನ್ನಲ್ಲಿದ್ದ ಕೀಲಿಯನ್ನು ಟೈಲರಮ್ಮನಿಗೆ ಕೊಡಲು ಹೋದೆ. ಅವರು ಹೊಲಿಗೆ ನಿಲ್ಲಿಸಿದರು, ಕೈ ಚಾಚಲಿಲ್ಲ.

"ಬೇಡಪ್ಪ. ಊಟ ಬೇಕಾದ್ರೆ ದಿನಾ ಬಾಗಿಲ ಹತ್ರ ತಂದಿಡ್ತೀನಿ. ಬೀಗದ ಕೈ ಬೇಡ. ನಾಳೆ ಒಂದು ಚಮಚ ಕಾಣ್ಲಿಲ್ಲ ಅಂದ್ರೂ ಎಲ್ರೂ ನನ್ನ ಮುಖಾನೇ ನೋಡ್ತಾರೆ. ಮೊದ್ಲು ಹಾಗೆ ನೋಡ್ತಿರ್ಲಿಲ್ಲ."

ಕೀಲಿಗಳನ್ನು ವಾಪಸು ಕೊಡಿ ಎಂದು ಬರೆಯಲು ಕೂತಿದ್ದೆ. ಈಗ ತಾವು ಕೊಟ್ಟರೂ ಇಟ್ಟುಕೊಳ್ಳುವವರಿಲ್ಲ. ಆದ್ದರಿಂದ ನನ್ನ ಬೇಡಿಕೆ ಒಂದೇ: ಒಮ್ಮೆ ಮೆಟ್ಟಿಲಿಳಿದು ಬಂದು, ನಾಲ್ಕು ಜನರ ಎದುರು, ಈಕೆ ಕಳ್ಳಿಯಲ್ಲ ಎಂದು ಹೇಳಿ ಹೋಗಿ. ತಾವು ಬರುವುದಿಲ್ಲ, ಗೊತ್ತು. ಬಂದು ಹೇಳಿದರೂ ನಂಬುವ ಅಭ್ಯಾಸ ನಮಗೆ ತಪ್ಪಿಹೋಗಿದೆ. ಅಕ್ಕನ ಬಾಗಿಲು ಮುಚ್ಚಿಕೊಳ್ಳದಂತೆ ಒಂದು ಇಟ್ಟಿಗೆ ಅಡ್ಡ ಇಡುತ್ತೇನೆ. ಕಳ್ಳನೇ ಬಂದರೂ ಬರಲಿ. ಬಿದ್ದವಳನ್ನು ಕಂಡು ಅವನಾದರೂ ಯಾರನ್ನಾದರೂ ಕೂಗಿಯಾನು.

ಇಂತಿ,
ಕಚೇರಿಯ ಪ್ರಕಾರ 'ಅಧಿಕೃತ'ನಾದ, ಯಾವಾಗಲೂ ತಡವಾಗಿ ತಲುಪುವ ಒಬ್ಬ ತಮ್ಮ